ವಿಎಫ್‌ಡಿ (ಮೋಟರಿನ ವೇಗ ಏರಿಳಿಸೋ ಡ್ರೈವ್) ಆನ್ ಮಾಡಿದರೆ ಲೆವೆಲ್ ಸಿಗ್ನಲ್ ಕುಣಿಯುತ್ತೆ, ಯಾವ ಕಂಪನಿ ಶೀಲ್ಡೆಡ್ ಸಿಗ್ನಲ್ ಕೇಬಲ್ ತಗೊಳ್ಳಲಿ?

ಯಾವುದನ್ನೂ ತಗೋಬೇಡಿ, ದುಡ್ಡು ಸದ್ಯಕ್ಕೆ ಜೇಬಲ್ಲೇ ಇರಲಿ. ಡ್ರೈವ್ ಸ್ಟಾರ್ಟ್ ಆದರೆ ರೀಡಿಂಗ್ ಕುಣಿಯೋದು, ನಿಲ್ಲಿಸಿದರೆ ತೆಪ್ಪಗಾಗೋದು, ಈ ಕಾಟ ನಾವೂ ಉಂಡಿದ್ದೇವೆ.

ಬಾಗಲಕೋಟೆ ಕಡೆಯ ಒಂದು ಸಕ್ಕರೆ ಕಾರ್ಖಾನೆ, ಕಬ್ಬು ನುರಿಸುವ ಹಂಗಾಮು. ಮಿಲ್ಲಿಗೆ ಕಬ್ಬು ಇಳಿಸೋ ನೆಟ್ಟಗಿನ ಕೊಳವೆ, ಡೊನೆಲಿ ಷೂಟ್‌ನಲ್ಲಿ ಕಬ್ಬು ಎಷ್ಟು ತುಂಬಿದೆ ಅನ್ನೋದು 4–20 ಮಿಲಿಆಂಪ್ ಸಿಗ್ನಲ್ ಆಗಿ ಪಿಎಲ್‌ಸಿಗೆ, ಅಂದರೆ ಯಂತ್ರ ನಡೆಸೋ ಕಂಟ್ರೋಲರ್‌ಗೆ ಬರುತ್ತೆ, ಅದರ ಮೇಲೆ ಕಬ್ಬು ಸಾಗಿಸೋ ಕ್ಯಾರಿಯರ್ ಡ್ರೈವಿನ ವೇಗ. ಸಿಗ್ನಲ್ ಹುಚ್ಚಾದರೆ ಕ್ಯಾರಿಯರೂ ಹುಚ್ಚು. ಒಮ್ಮೆ ಷೂಟ್ ಖಾಲಿ, ಒಮ್ಮೆ ಜಾಮ್, ಗೇಟಿನಾಚೆ ಟ್ರ್ಯಾಕ್ಟರ್ ಸಾಲು. ಸೆನ್ಸರ್ ಬದಲಾಯ್ತು, ಅನಲಾಗ್ ಕಾರ್ಡ್ ಬದಲಾಯ್ತು, ನಿಮ್ಮ ತಲೆಯಲ್ಲಿರೋ ದುಬಾರಿ ಸಿಗ್ನಲ್ ಕೇಬಲ್ಲೂ ಬಂತು. ಊಹೂಂ.

ಎಡವಟ್ಟಾಗಿದ್ದು ಡ್ರೈವಿನಿಂದ ಮೋಟರಿಗೆ ಹೋಗೋ ಕೇಬಲ್ಲಿನ ತುದಿಯಲ್ಲಿ. ಕೇಬಲ್ ಒಳ್ಳೇದೇ, ಸುತ್ತ ತಾಮ್ರದ ಬ್ರೇಡ್ (ಹೆಣೆದ ಶೀಲ್ಡ್) ಇದ್ದದ್ದು. ಆದರೆ ಪ್ಯಾನಲ್ ಒಳಗೆ ಆ ಬ್ರೇಡನ್ನು ಬಿಚ್ಚಿ, ಜಡೆ ಥರ ಹೊಸೆದು, ಲಗ್ ಒತ್ತಿ, ಗೇಣುದ್ದದ ಹಸಿರು ವೈರಿನಲ್ಲಿ ಅರ್ತ್ ಬಾರ್‌ಗೆ ಕಟ್ಟಿದ್ದರು. ಮಲ್ಟಿಮೀಟರ್ ಇಟ್ಟರೆ ಸೊನ್ನೆ ಓಮ್. ಆ ಸೊನ್ನೆ ನೋಡಿಯೇ ಎಲ್ಲರೂ ಸಹಿ ಹಾಕಿದ್ದು! ಮಲ್ಟಿಮೀಟರ್ ಅಳೆಯೋದು ಡಿಸಿಯಲ್ಲಿ. ಡ್ರೈವಿನೊಳಗಿನ ಸ್ವಿಚ್‌ಗಳಾದ ಐಜಿಬಿಟಿಗಳು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುತ್ತವೆ, ಒಂದೊಂದು ಏರಿಕೆಯೂ ಮೈಕ್ರೋಸೆಕೆಂಡಿನ ಒಂದು ಚೂರಿನಲ್ಲಿ ಮುಗಿಯುತ್ತೆ. ಹಾಗಾಗಿ ಬ್ರೇಡಿಗೆ ಸೋರೋ ಕರೆಂಟು ಮೆಗಾಹರ್ಟ್ಸ್‌ಗಟ್ಟಲೆ. ವೈರಿನ ಒಂದು ಮಿಲಿಮೀಟರಿಗೆ ಅಂದಾಜು 1 ನ್ಯಾನೋಹೆನ್ರಿ ಇಂಡಕ್ಟನ್ಸ್ ಹಿಡಿಯಿರಿ. 20 ಸೆಂಟಿಮೀಟರಿಗೆ 200. 10 ಮೆಗಾಹರ್ಟ್ಸ್‌ನಲ್ಲಿ ಅದರ ತಡೆ 12 ಓಮ್‌ಗೂ ಮೇಲೆ. ಅಲ್ಲಿ ದಾರಿ ಬಿಗಿಯಾದಾಗ ಆ ಕರೆಂಟು ಕೇಬಲ್ ಟ್ರೇ, ಸ್ಟ್ರಕ್ಚರ್, ಪಕ್ಕದ ಸಿಗ್ನಲ್ ಕೇಬಲ್ಲಿನ ಶೀಲ್ಡ್ ಹಿಡಿದು ಡ್ರೈವಿಗೆ ವಾಪಸ್ ಹೋಗುತ್ತೆ.

ಇಎಂಸಿ ಗ್ಲ್ಯಾಂಡ್ (ಬ್ರೇಡನ್ನು ಪ್ಯಾನಲ್ ಲೋಹಕ್ಕೆ ಕೂಡಿಸೋ ಕೇಬಲ್ ಹಿಡಿಕೆ) ಹಾಕಿ, ಬ್ರೇಡನ್ನು ಸುತ್ತ 360 ಡಿಗ್ರಿ ಹಿಡಿಯೋ ಹಾಗೆ ಕೂರಿಸಿದೆವು, ಮೋಟರಿನ ಟರ್ಮಿನಲ್ ಬಾಕ್ಸಿನಲ್ಲೂ. ಗ್ಲ್ಯಾಂಡ್ ಪ್ಲೇಟಿನ ಪೌಡರ್ ಕೋಟಿಂಗನ್ನು ಎಮರಿ ಪೇಪರಿನಲ್ಲಿ ಉಜ್ಜಿ ಲೋಹ ಹೊಳೆಯೋವರೆಗೂ ಬಿಡಲಿಲ್ಲ. ಪೇಂಟಿನ ಮೇಲೆ ಕೂತ ಗ್ಲ್ಯಾಂಡ್ ಬರೀ ಶೋಕಿಗೆ. ರೀಡಿಂಗ್ ಕುಣಿಯೋದು ನಿಂತಿತು.

ಸ್ಟೋರಿನಲ್ಲಿರೋ ಜಿಐ ಸ್ಟ್ರಿಪ್ (ಸತುವು ಲೇಪಿಸಿದ ಉಕ್ಕಿನ ಪಟ್ಟಿ) ಸುತ್ತಿದ ಆರ್ಮರ್ಡ್ ಕೇಬಲ್ಲೇ ಮೋಟರಿಗೆ ಸಾಕು ಅನ್ನೋರು ನಿಮ್ಮಲ್ಲೂ ಇರ್ತಾರೆ. ಆ ಆರ್ಮರ್ ಇಲಿಗೆ, ಸನಿಕೆಗೆ, ನಾಯ್ಸ್‌ಗಲ್ಲ. ಸಿಗ್ನಲ್ ಟ್ರೇ ಬೇರೆಯೇ ಇರಲಿ, ಮೋಟರ್ ಕೇಬಲ್ಲಿಂದ 500 ಮಿಲಿಮೀಟರ್ ದೂರ. ದಾಟಲೇಬೇಕಾದ ಕಡೆ 90 ಡಿಗ್ರಿಯಲ್ಲಿ ದಾಟಿಸಿ. ಇಷ್ಟಾದ ಮೇಲೂ ಕುಣಿದರೆ ಆಗ ಟ್ವಿಸ್ಟೆಡ್ ಪೇರ್ ಶೀಲ್ಡೆಡ್ ತಗೊಳ್ಳಿ. ಕಂಪನಿ ಯಾವುದಾದರೂ ನಡೆಯುತ್ತೆ.

ಮೋಟರ್ ಎಷ್ಟು ದೂರ ಅಂತ ನೀವು ಬರೆದಿಲ್ಲ. 100 ಮೀಟರ್ ಆಸುಪಾಸಿದ್ದರೆ ಔಟ್‌ಪುಟ್ ಚೋಕ್ (ವೋಲ್ಟೇಜಿನ ಏರಿಕೆ ಮೆತ್ತಗೆ ಮಾಡೋ ಕಾಯಿಲ್) ಬೇಕಾ ಅಂತ ಡ್ರೈವಿನ ಮ್ಯಾನುಯಲ್ ನೋಡಿ. 415 ವೋಲ್ಟ್ ಡ್ರೈವಿನೊಳಗಿನ ಡಿಸಿ ವೋಲ್ಟೇಜ್ (ಡಿಸಿ ಬಸ್) ಸುಮಾರು 580 ವೋಲ್ಟ್ ಇರುತ್ತೆ. ಉದ್ದದ ಕೇಬಲ್ಲಿನಲ್ಲಿ ಅಲೆ ಮೋಟರಿಗೆ ಬಡಿದು ಹಿಂದಿರುಗುವಾಗ ಟರ್ಮಿನಲ್‌ನಲ್ಲಿ ಅದರ ಎರಡರಷ್ಟಾಗಬಹುದು, ಹಳೇ ರಿವೈಂಡ್ ಮಾಡಿಸಿದ ಮೋಟರಾದರೆ ವೈಂಡಿಂಗ್ ತಡೆಯಲ್ಲ.