ಬುಟ್ಟಿಯೊಳಗಿನ ಹುಲಿಮರಿ

ಕುಮಟಾದ ನಿವೃತ್ತ ಶಿಕ್ಷಕಿಯೊಬ್ಬರ ಪತ್ರದ ಸಾರ: 'ನೀವು ಅತಿ ಹೆಚ್ಚು ಸಲ ನೋಡಿದ ಸಿನಿಮಾ ಟ್ಯಾಗೋರರ ಕಥೆಯ ಕಾಬೂಲಿವಾಲಾ, ಅದರ ಬೇರು ನಮ್ಮ ಕಾರವಾರದಲ್ಲಿದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿರಿ. ಆರು ವರ್ಷದ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆ. ಗುರುತಿಲ್ಲದವರು ಕೊಟ್ಟಿದ್ದನ್ನು ತಿನ್ನಬೇಡಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವಳು ನಾನು. ಚೂರಿ ಹಾಕಿ ಜೈಲಿಗೆ ಹೋದವನ ಜೊತೆ ಪುಟ್ಟ ಹುಡುಗಿಯ ಸ್ನೇಹವನ್ನು ಹೇಗೆ ಮೆಚ್ಚಲಿ? ಕಾರವಾರದ ಬೇರು ಯಾವುದು? ನಮ್ಮನೆಗೆ ಬರುವ ಮೀನಿನವಳನ್ನು ಮೊಮ್ಮಗಳು ಹೆಸರಿಗೆ ಅಕ್ಕ ಸೇರಿಸಿ ಕರೆಯುತ್ತಾಳೆ, ಅಷ್ಟು ಸಲಿಗೆ ಸಾಕಲ್ಲವೇ? ಸಿನಿಮಾ ಮುಗಿದ ಮೇಲೆ ಮೊಮ್ಮಗಳು, ಆ ಹುಡುಗಿ ಮಿನಿ ಅವನನ್ನು ಯಾಕೆ ಮರೆತಳು ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.'

ಅಕ್ಕೋರೇ,

ಕಾರವಾರದ ಮಾತನ್ನು ಮೊದಲು ಮುಗಿಸುತ್ತೇನೆ. ಟ್ಯಾಗೋರರು ಇಲ್ಲಿಗೆ ಬಂದಿದ್ದು 1883ರಲ್ಲಿ, 22ರ ಪ್ರಾಯದಲ್ಲಿ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. ಗಾಳಿಮರದ ಸಾಲನ್ನೂ ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗಿಬಂದದ್ದನ್ನೂ ಟ್ಯಾಗೋರರು ತಮ್ಮ ಆತ್ಮಕಥನದಲ್ಲಿ ನೆನೆದಿದ್ದಾರೆ. ಬೀಚಿಗೆ ಅವರ ಹೆಸರಿಟ್ಟುಕೊಂಡ ನಾವು, ಅವರು ಇಲ್ಲಿ ಕೂತು ಬರೆದ 'ಪ್ರಕೃತಿರ್ ಪ್ರತಿಶೋಧ್' ನಾಟಕವನ್ನು ಓದಿದ್ದು ಕಡಿಮೆ. ಅದರಲ್ಲಿ ಎಲ್ಲ ಹಂಗನ್ನೂ ಹರಿದುಕೊಂಡೆ ಎಂದುಕೊಂಡು ಗುಹೆ ಸೇರಿದ ಒಬ್ಬ ಸನ್ಯಾಸಿ ಇದ್ದಾನೆ. ಊರವರು ದೂರವಿಟ್ಟ ಒಂದು ಅನಾಥ ಹುಡುಗಿ ಅವನನ್ನು ಅಪ್ಪಾ ಎಂದು ಹಚ್ಚಿಕೊಳ್ಳುತ್ತಾಳೆ. ಮಮತೆಗೆ ಹೆದರಿ ಅವನು ಬಿಟ್ಟು ಹೋಗುತ್ತಾನೆ, ಮನಸ್ಸು ತಡೆಯದೆ ಹುಡುಕಿಕೊಂಡು ಬರುತ್ತಾನೆ. ಬರುವಷ್ಟರಲ್ಲಿ ಹುಡುಗಿ ಬದುಕಿಲ್ಲ. 'ಕಾಬೂಲಿವಾಲಾ' ಕಥೆ ಬಂದದ್ದು ಇದಾಗಿ ಒಂಬತ್ತು ವರ್ಷಕ್ಕೆ, 1892ರಲ್ಲಿ. ಸನ್ಯಾಸಿ ಹೋಗಿ ಒಣಹಣ್ಣು ಮಾರುವ ಪಠಾಣ ಬಂದ, ಗುಹೆ ಹೋಗಿ ಕಲ್ಕತ್ತೆಯ ಬೀದಿ ಬಂತು. ಇದು ನನ್ನ ಓದು, ಯಾವ ಪಂಡಿತರ ಮಾತೂ ಅಲ್ಲ. ಆದರೆ ಸಂಜೆ ಹೊತ್ತು ಆ ಮರಳಿನ ಮೇಲೆ ನಡೆಯುವಾಗ ನನಗೆ ಇದರಲ್ಲಿ ಅನುಮಾನವೇ ಉಳಿಯುವುದಿಲ್ಲ.

ನಾನು ಮೊದಲು ನೋಡಿದ್ದು ಬಲರಾಜ್ ಸಾಹನಿಯವರ 1961ರ ಹಿಂದಿ ಚಿತ್ರ. ಅದರಲ್ಲಿ ಮನ್ನಾ ಡೇ 'ಏ ಮೇರೆ ಪ್ಯಾರೇ ವತನ್' ಎಂದು ದನಿ ತಗ್ಗಿಸಿ ಹಾಡುವುದನ್ನು ಕೇಳಿದರೆ, ಊರು ಬಿಟ್ಟವನು ಪಕ್ಕದಲ್ಲಿ ಮಲಗಿದವರಿಗೆ ಎಚ್ಚರವಾಗದಂತೆ ಅಳುತ್ತಿದ್ದಾನೆ ಅನ್ನಿಸುತ್ತದೆ. ಆಮೇಲೆ ತಪನ್ ಸಿನ್ಹಾರ 1957ರ ಬಂಗಾಳಿ ಚಿತ್ರ ಸಿಕ್ಕಿತು. ಪಠಾಣನಾಗಿ ಛಬಿ ಬಿಸ್ವಾಸ್, ಮಿನಿಯಾಗಿ ಟಿಂಕು ಟ್ಯಾಗೋರ್, ಸಂಗೀತ ರವಿಶಂಕರರದು. ನಾನು ಮತ್ತೆ ಮತ್ತೆ ನೋಡುವುದು ಇದನ್ನೇ.

ನಿಮ್ಮ ಹೆದರಿಕೆ ತಪ್ಪಲ್ಲ ಅಕ್ಕೋರೇ. ಮಿನಿಯ ತಾಯಿಗೂ ಅದೇ ಹೆದರಿಕೆ, ಅದನ್ನು ಕಥೆ ಹಗುರ ಮಾಡುವುದಿಲ್ಲ. ಸಾಲಕ್ಕೆ ಚಾದರ ತೆಗೆದುಕೊಂಡವನು ತೆಗೆದುಕೊಂಡೇ ಇಲ್ಲ ಎಂದು ಸುಳ್ಳು ಹೇಳಿದಾಗ ಪಠಾಣ ಚೂರಿ ಎತ್ತಿದ್ದನ್ನೂ ಮುಚ್ಚಿಡುವುದಿಲ್ಲ. ಆದರೆ ಇನ್ನೊಮ್ಮೆ ನೋಡುವಾಗ ಮಿನಿಯ ಅಪ್ಪ ಎಲ್ಲಿ ಕೂತಿದ್ದಾನೆ ಅನ್ನುವುದನ್ನು ಗಮನಿಸಿ. ಆ ಸ್ನೇಹ ಬೆಳೆದದ್ದು ಅವನ ಕಣ್ಣೆದುರು, ಬಾಗಿಲು ತೆರೆದಿದ್ದ ಮನೆಯಲ್ಲಿ. ಚೀಲದಲ್ಲಿ ಏನಿದೆ ಎಂದು ಹುಡುಗಿ ಕೇಳುವುದು, ಆನೆ ಎಂದು ಅವನು ನಗುವುದು, ಮಾವನ ಮನೆಗೆ ಯಾವಾಗ ಹೋಗುತ್ತೀ ಎಂದು ಒಬ್ಬರನ್ನೊಬ್ಬರು ಕೆಣಕುವುದು, ಎಲ್ಲ ಅಪ್ಪನ ಕಿವಿಗೆ ಬೀಳುತ್ತಲೇ ಇತ್ತು. (ಜೈಲಿಗೆ ಮಾವನ ಮನೆ ಅನ್ನುವುದು ಬಂಗಾಳಿಯಲ್ಲೂ ಇದೆ, ನಮ್ಮಲ್ಲೂ ಇದೆ. ಅದಕ್ಕೇ ಆ ಮಾತು ನಮಗೆ ನೇರವಾಗಿ ತಾಗುತ್ತದೆ.) ಮಗುವನ್ನು ಒಬ್ಬಳೇ ಕಳಿಸಿ ಎಂದು ಈ ಸಿನಿಮಾ ಎಲ್ಲೂ ಹೇಳುವುದಿಲ್ಲ. ಜಗಲಿಯಲ್ಲಿ ನೀವೂ ಕೂತಿರಿ, ಅಷ್ಟೇ.

ಇನ್ನು ಮೊಮ್ಮಗಳ ಪ್ರಶ್ನೆ. ಅದಕ್ಕೆ ನನ್ನಲ್ಲೂ ಉತ್ತರವಿಲ್ಲ, ನನಗಾದದ್ದನ್ನು ಹೇಳುತ್ತೇನೆ.

ಅಂಕೋಲೆಯ ನಮ್ಮ ಮನೆಗೆ ವಾರಕ್ಕೆರಡು ಸಲ ಹಾಲಕ್ಕಿ ಗೌಡ ಸಮುದಾಯದ ಒಬ್ಬ ಹೆಂಗಸು ತರಕಾರಿ ತರುತ್ತಿದ್ದಳು. ಬಸಳೆ, ಹರಿವೆ, ಮೊಗೆಕಾಯಿ, ಬೇಸಿಗೆಯಲ್ಲಿ ಇಶಾಡು ಮಾವು. ಬುಟ್ಟಿಯ ಮೇಲೆ ಸದಾ ಒಂದು ಬಟ್ಟೆ. ಅದರೊಳಗೆ ಏನಿದೆ ಎಂದು ನಾನು ಕೇಳಬೇಕು, 'ಹುಲಿಮರಿ ತಂಗೀ, ಕೈ ಹಾಕಬೇಡ' ಎಂದು ಅವಳು ಹೇಳಬೇಕು. ಆಗ ನನಗೆ ಆರು ವರ್ಷ. ಅವಳ ಕೊರಳ ತುಂಬ ಇದ್ದ ಮಣಿಸರಗಳನ್ನು ಎಣಿಸುತ್ತಿದ್ದೆ, ಪ್ರತಿ ಸಲವೂ ನಡುವೆ ಲೆಕ್ಕ ತಪ್ಪುತ್ತಿತ್ತು. ಅಮ್ಮ ಜಗಲಿಯಲ್ಲಿ ಕಾಯಿಪಲ್ಲೆ ಹೆಚ್ಚುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ಆ ಹೆಂಗಸು ತನ್ನ ಒಂದು ಸರ ಬಿಚ್ಚಿ ನನ್ನ ಕೊರಳಿಗೆ ಹಾಕಿದಳು. ಸಂಜೆ ಅಮ್ಮ ಅದನ್ನು ತೆಗೆದು ಎತ್ತಿಟ್ಟಳು. ಯಾಕೆಂದು ಹೇಳಲಿಲ್ಲ. ಜಾತಿಯ ಕಾರಣಕ್ಕೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಓದಲು ಧಾರವಾಡಕ್ಕೆ ಹೋದೆ. ರಜೆಯಲ್ಲಿ ಒಮ್ಮೆ ಅಂಕೋಲೆ ಬಸ್‌ಸ್ಟ್ಯಾಂಡಿನಲ್ಲಿ ಗೆಳತಿಯರ ಜೊತೆ ನಿಂತಿದ್ದಾಗ ಬುಟ್ಟಿ ಹೊತ್ತ ಒಬ್ಬ ಮುದುಕಿ ಹತ್ತಿರ ಬಂದು ನನ್ನ ಮುಖ ನೋಡಿ, 'ತಂಗೀ, ಹುಲಿಮರಿ ಬೇಕನೇ?' ಅಂದಳು. ಗೆಳತಿಯರು ನಕ್ಕರು. ನಾನೂ ಏನೋ ಒಂದು ನಗೆ ನಕ್ಕು ಕಾರವಾರದ ಬಸ್ಸು ಹತ್ತಿದೆ. ಅವರ್ಸಾ ಊರು ದಾಟಿದ ಮೇಲೆ ಹೊಳೆಯಿತು. ಆಗಲಾದರೂ ಇಳಿಯಬಹುದಿತ್ತು, ಇಳಿಯಲಿಲ್ಲ.

ಜೈಲು ಮುಗಿಸಿ ಬಂದ ಪಠಾಣನಿಗೆ, ಮದುವೆಯ ದಿನ ಮಿನಿ ತನ್ನನ್ನು ಗುರುತಿಸದೆ ತಲೆ ತಗ್ಗಿಸಿದಾಗ, ಊರಲ್ಲಿರುವ ತನ್ನ ಮಗಳೂ ಇಷ್ಟೇ ಬೆಳೆದಿರುತ್ತಾಳೆ ಎಂದು ಹೊಳೆಯುತ್ತದೆ. ಅವನ ಎದೆಯ ಬಳಿಯ ಕಾಗದದಲ್ಲಿ ಮಗಳ ಪುಟ್ಟ ಅಂಗೈಯ ಮಸಿಗುರುತು ಇನ್ನೂ ಹಾಗೇ ಇದೆ. ಎಲ್ಲರೂ ಅಲ್ಲಿ ಪಠಾಣನ ಮುಖ ನೋಡಿ ಅಳುತ್ತಾರೆ. ನಾನು ಮಿನಿಯನ್ನು ನೋಡುತ್ತೇನೆ. ಅವಳಿಗೆ ಯಾವ ಊರು ದಾಟಿದ ಮೇಲೆ ನೆನಪಾದೀತು ಎಂದು ಪ್ರತಿ ಸಲವೂ ಕಾಯುತ್ತೇನೆ.

ಮುಂದಿನ ರಜೆಯಲ್ಲಿ ಸಂತೆಗೆ ಹೋಗಿ ಸಾಲಾಗಿ ಕೂತ ಹಾಲಕ್ಕಿ ಹೆಂಗಸರ ಹತ್ತಿರ ಅವಳನ್ನು ವಿಚಾರಿಸಿದೆ. ಯಾವ ಕೊಪ್ಪದವಳು (ಅವರ ಕೇರಿಗೆ ಕೊಪ್ಪ ಅನ್ನುತ್ತಾರೆ), ಹೆಸರೇನು ಎಂದು ಅವರು ಕೇಳಿದರು. ನಿಮ್ಮ ಮೊಮ್ಮಗಳಿಗೆ ಮೀನಿನವಳ ಹೆಸರು ಗೊತ್ತಿದೆ ಎಂದು ಬರೆದಿದ್ದೀರಿ. ನಮ್ಮ ಮನೆಯಲ್ಲಿ ಎಲ್ಲರೂ ಅವಳನ್ನು ಗೌಡ್ತಿ ಎಂದೇ ಕರೆಯುತ್ತಿದ್ದೆವು.

— ಸಂಪಾದಕಿ