ಅರ್ಧ ರೊಟ್ಟಿಯಿಂದ ಶುರು ಮಾಡಿ

ನಮಸ್ಕಾರ.

ಗದಗದಿಂದ ನೀವು ಕಳಿಸಿದ ‘ನಿಧಾನ ಜಠರ’ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕೋಕೆ ಆಗುವುದಿಲ್ಲ. ಕೈಬಿಡುವ ಲೇಖನವೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ‘ಇಂದಿನ ಒತ್ತಡದ ಬದುಕಿನಲ್ಲಿ’ ಎಂದು ಶುರುವಾಗುವ ಲೇಖನಗಳು ನನ್ನ ಮೇಜಿನ ಮೇಲೆ ಬೇಕಾದಷ್ಟಿವೆ. ನಿಮ್ಮದು ನಿಜವಾಗಿ ಶುರುವಾಗುವುದು ಮೂರನೇ ಪುಟದಲ್ಲಿ. ಮೂರು ಜೋಳದ ರೊಟ್ಟಿ ಉಣ್ಣುತ್ತಿದ್ದ ನಿಮ್ಮ ಕಾಕಾ ಅರ್ಧಕ್ಕೇ ‘ಸಾಕವಾ, ಹೊಟ್ಟಿ ಬಿಗದೈತಿ’ ಎಂದು ತಾಟು ಸರಿಸುತ್ತಾರೆ. ಹುಬ್ಬಳ್ಳಿಗೆ ಹೋಗಿ ಎಂಡೋಸ್ಕೋಪಿ ಮಾಡಿಸಿದರೆ ಹುಣ್ಣಿಲ್ಲ, ಗಡ್ಡೆಯಿಲ್ಲ. ಮನೆಯವರು ‘ಏನೂ ಇಲ್ಲಂತ, ಸುಮ್ನ ಸೋಗು’ ಅನ್ನುತ್ತಾರೆ. ಓದುಗ ಇಲ್ಲಿ ಕೂರುತ್ತಾನೆ.

ಈಗ ತಪ್ಪಿನ ವಿಷಯ. ಕಾಕಾನ ಜಠರ ನಿಧಾನ, ಅದಕ್ಕೇ ಈ ಕಾಟ ಎಂದು ಖಡಾಖಂಡಿತ ಬರೆದಿದ್ದೀರಿ. ಫಂಕ್ಷನಲ್ ಡಿಸ್ಪೆಪ್ಸಿಯಾ, ಅಂದರೆ ಪರೀಕ್ಷೆಯಲ್ಲಿ ಹುಣ್ಣು, ಗಡ್ಡೆ ಏನೂ ಕಾಣದಿದ್ದರೂ ಹೊಟ್ಟೆ ಬಿಗಿತ, ನೋವು ಕಾಡುವ ತೊಂದರೆ, ಇರುವವರಲ್ಲಿ ಹೊಟ್ಟೆ ತಡವಾಗಿ ಖಾಲಿಯಾಗುವುದು ಹೆಚ್ಚೆಂದರೆ ಮೂವರಲ್ಲಿ ಒಬ್ಬರಿಗೆ. ಕಾಕಾನ ಹೊಟ್ಟೆ ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ಎಂದು ಪರೀಕ್ಷೆ ಮಾಡಿಸಿದ ಮಾತೇ ಲೇಖನದಲ್ಲಿಲ್ಲ.

ಜಠರವನ್ನು ಬೀಸುಕಲ್ಲಿಗೆ ಹೋಲಿಸಿದ್ದು ನನಗೆ ಇಷ್ಟವಾಯಿತು, ಆದರೆ ಅದು ಜಠರದ ಕೆಳಭಾಗಕ್ಕೆ ಮಾತ್ರ ಒಪ್ಪುತ್ತದೆ. ಅದು ನಿಮಿಷಕ್ಕೆ ಸುಮಾರು 3 ಸಲ ಹಿಂಡಿ, ಉಂಡದ್ದನ್ನು 1-2 ಮಿಲಿಮೀಟರಿನ ಚೂರು ಮಾಡಿ ಸಣ್ಣಕರುಳಿಗೆ ಬಿಡುತ್ತದೆ. ಮೇಲ್ಭಾಗ ಬೀಸುವುದಿಲ್ಲ. ತುತ್ತು ಇಳಿದ ಹಾಗೆ ಸಡಿಲಾಗಿ ಜಾಗ ಕೊಡುವುದು ಅದರ ಕೆಲಸ. ಈ ತೊಂದರೆ ಇರುವ ಬಹಳ ಜನರಲ್ಲಿ ಅದು ಸರಿಯಾಗಿ ಸಡಿಲಾಗುವುದೇ ಇಲ್ಲ. ಇನ್ನು ಕೆಲವರಲ್ಲಿ ಹೊಟ್ಟೆ ಚೂರು ಹಿಗ್ಗಿದರೂ ಅದರ ನರಗಳು ದೊಡ್ಡ ಗುಲ್ಲು ಎಬ್ಬಿಸುತ್ತವೆ. ಅರ್ಧ ರೊಟ್ಟಿಯ ಬಿಗಿತಕ್ಕೆ ಇವೂ ಕಾರಣ ಇರಬಹುದು ಅಲ್ವಾ?

ಮಿರ್ಚಿ ಭಜಿ ತಿಂದ ರಾತ್ರಿ ಕಾಕಾ ನರಳಿದ್ದಕ್ಕೆ ಮೆಣಸಿನಕಾಯಿಯನ್ನಷ್ಟೇ ಬೈದಿದ್ದೀರಿ. ಎಣ್ಣೆಯನ್ನೂ ವಿಚಾರಿಸಿ. ಕೊಬ್ಬು ಸಣ್ಣಕರುಳಿನ ಮೊದಲ ಭಾಗ ಮುಟ್ಟಿದ ಕೂಡಲೇ ‘ತಡಿ, ನಿಧಾನ ಬಿಡು’ ಎಂದು ಜಠರಕ್ಕೆ ಸುದ್ದಿ ಹೋಗುತ್ತದೆ. ಎಲ್ಲರಲ್ಲೂ ಹೀಗೇ. ಈ ತೊಂದರೆ ಇರುವ ಹಲವರಲ್ಲಿ ಆ ಜಾಗ ಜಾಸ್ತಿ ಸೂಕ್ಷ್ಮ.

ತೂಕ ಇಳಿಯುವುದು, ನುಂಗಲು ಕಷ್ಟ, ಕಪ್ಪು ಮಲ ಕಂಡರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಬೇಕು ಎನ್ನುವ ಸಾಲು ಎಲ್ಲೂ ಇಲ್ಲ. ಸೇರಿಸಿ. ಕೊನೆಯ ಓಂಕಾಳಿನ ಕಷಾಯದ ಪುಟ ಬೇಡ.

ಕಾಕಾನ ಜೊತೆ ಇನ್ನೊಮ್ಮೆ ಊಟಕ್ಕೆ ಕುಳಿತು ನೋಡಿ. ಎಷ್ಟನೇ ತುತ್ತಿಗೆ ಕೈ ನಿಲ್ಲುತ್ತದೆ, ಆಮೇಲೆ ಎಷ್ಟು ಹೊತ್ತು ಪಡಸಾಲೆಯಲ್ಲಿ ಅಡ್ಡಾಡುತ್ತಾರೆ, ಬರೆದು ಕಳಿಸಿ. 800 ಪದ ಸಾಕು.