ಬಾಂಡ್‌ನಲ್ಲಿ 40 ಪೌಂಡ್ ಅಂತ ಇದ್ರೆ ಸಾಲ 40 ಪೌಂಡೇನಾ? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಮೇಡಂ, ನಾನು ಹಾಸನದವನು, ಈಗ ಇರೋದು ಇಂಗ್ಲೆಂಡಿನ ಲೆಸ್ಟರ್ ಹತ್ರ. ಇಲ್ಲಿನ ಲೋಕಲ್ ಹಿಸ್ಟರಿ ಗ್ರೂಪ್‌ನವರ ಜೊತೆ ಹಳೇ ದಾಖಲೆಗಳ ಕ್ಯಾಟಲಾಗ್ ನೋಡ್ತಾ ಇದ್ದೆ. ಒಬ್ಬ ಸಾಧಾರಣ ರೈತ ಒಬ್ಬ ಉಣ್ಣೆ ವ್ಯಾಪಾರಿಗೆ 40 ಪೌಂಡ್ ಕೊಡ್ಬೇಕು ಅಂತ ಬಾಂಡ್ ಬರ್ಕೊಟ್ಟಿದ್ದಾನೆ. ತಾರೀಕು ಜಾಗದಲ್ಲಿ "ಆರನೇ ಹೆನ್ರಿಯ 35ನೇ ವರ್ಷ, ಸೇಂಟ್ ಮೈಕೆಲ್ ಹಬ್ಬ ಆದ್ಮೇಲಿನ ಸೋಮವಾರ" ಅಂತಿದೆ. ಇವನಿಗೆ ಅಷ್ಟು ದೊಡ್ಡ ಸಾಲ ಯಾರು ಕೊಟ್ರು? ಮತ್ತೆ ಇದು ಯಾವ ಇಸವಿ?

ಉತ್ತರ: ಅಷ್ಟು ಸಾಲ ಯಾರೂ ಕೊಟ್ಟಿರೋ ಹಾಗೆ ಕಾಣಲ್ಲ. ಮೊದ್ಲು ತಾರೀಕು ಮುಗಿಸಿಬಿಡ್ತೀನಿ. ಆರನೇ ಹೆನ್ರಿಯ ಆಳ್ವಿಕೆ ವರ್ಷ ಲೆಕ್ಕ ಆಗೋದು 1422ರ ಸೆಪ್ಟೆಂಬರ್ 1ರಿಂದ, ಹಾಗಾಗಿ 35ನೇ ವರ್ಷ ಅಂದ್ರೆ 1456 ಸೆಪ್ಟೆಂಬರ್‌ನಿಂದ 1457 ಆಗಸ್ಟ್ ತನಕ. ಸೇಂಟ್ ಮೈಕೆಲ್ ಹಬ್ಬ ಸೆಪ್ಟೆಂಬರ್ 29, ಆ ವರ್ಷ ಅದು ಬುಧವಾರ ಬಿತ್ತು, ಅದಾದ ಸೋಮವಾರ ಅಂದ್ರೆ 1456 ಅಕ್ಟೋಬರ್ 4. ಒಂದು ವಿಷಯ ನೆನಪಿಟ್ಕೊಳ್ಳಿ, ಅವರ ಹೊಸ ವರ್ಷ ಶುರು ಆಗ್ತಿದ್ದಿದ್ದು ಮಾರ್ಚ್ 25ಕ್ಕೆ. ಜನವರಿ, ಫೆಬ್ರವರಿ ತಾರೀಕಿನ ಜೊತೆ ಇಸವಿ ಬರ್ದಿದ್ರೆ ನಮ್ಮ ಲೆಕ್ಕಕ್ಕೆ ಒಂದು ಸೇರಿಸ್ಬೇಕು.

ಈಗ ದುಡ್ಡಿನ ವಿಷಯ. ಆಗ ಒಬ್ಬ ಒಳ್ಳೇ ಬಡಗಿಗೆ ದಿನಕ್ಕೆ ಸುಮಾರು 6 ಪೆನ್ನಿ ಕೂಲಿ. ಒಂದು ಪೌಂಡ್‌ಗೆ 240 ಪೆನ್ನಿ, ಅಂದ್ರೆ 40 ಪೌಂಡ್ ಅಂದ್ರೆ 1600 ದಿನದ ಕೂಲಿ ಆಯ್ತು, ಹಬ್ಬ ಹರಿದಿನ ಭಾನುವಾರ ಎಲ್ಲಾ ಕಳೆದ್ರೆ ಆರೇಳು ವರ್ಷದ ದುಡಿಮೆ. ನಿಮ್ಮ ರೈತ ಇಷ್ಟು ಸಾಲ ತಗೊಂಡಿರಲ್ಲ, ಬಹುಶಃ ಅರ್ಧ ತಗೊಂಡಿರ್ತಾನೆ, ಅಥ್ವಾ ಸಾಲನೇ ತಗೊಂಡಿರಲ್ಲ. ಆ ಕಾಲದ ಬಾಂಡ್ ಕೆಲಸ ಮಾಡೋ ರೀತಿನೇ ಹಾಗೆ. ಮುಂಭಾಗದಲ್ಲಿ ಲ್ಯಾಟಿನ್‌ನಲ್ಲಿ "ನೋವೆರಿಂಟ್ ಯೂನಿವರ್ಸಿ" (ಎಲ್ಲರಿಗೂ ತಿಳಿದಿರ್ಲಿ) ಅಂತ ಶುರು ಮಾಡಿ, ಇಂಥವನು ಇಂಥವನಿಗೆ ಇಷ್ಟು ದುಡ್ಡು ಕೊಡೋಕೆ ಗಟ್ಟಿಯಾಗಿ ಬದ್ಧ, ಇಂಥ ದಿನ ಕೊಡ್ತಾನೆ, ಅವನೂ ಅವನ ವಾರಸುದಾರರೂ ಇದಕ್ಕೆ ಜವಾಬ್ದಾರಿ, ಅಷ್ಟೇ, ಯಾಕೆ ಏನು ಎತ್ತ ಒಂದೂ ಇರಲ್ಲ, ಕೆಳಗೆ ಮೇಣದ ಸೀಲ್. ಸಹಿ ಬೇಕೇಬೇಕು ಅಂತಿಲ್ಲ, ಸೀಲ್ ಬಿದ್ರೆ ಮುಗೀತು, ಅದು ಇನ್ನೊಬ್ರ ಹತ್ರ ಇಸ್ಕೊಂಡ ಸೀಲ್ ಆದ್ರೂ ನಡೀತಿತ್ತು.

ನಿಜವಾದ ವ್ಯವಹಾರ ಇರೋದು ಹಿಂಭಾಗದಲ್ಲಿ, ಅದು 15ನೇ ಶತಮಾನದಲ್ಲಿ ಎಷ್ಟೋ ಸಲ ಇಂಗ್ಲಿಷ್‌ನಲ್ಲೇ ಇರತ್ತೆ. "ಈ ಬಾಂಡ್‌ನ ಷರತ್ತು ಏನಂದ್ರೆ, ಇವನು ಬರೋ ಕ್ಯಾಂಡಲ್‌ಮಸ್ ಹಬ್ಬದೊಳಗೆ 20 ಪೌಂಡ್ ಕೊಟ್ರೆ ಈ ಪತ್ರ ರದ್ದು, ಇಲ್ಲಾಂದ್ರೆ ಪೂರ್ತಿ ಜಾರಿ" ಅನ್ನೋ ಧಾಟಿ. ಅಂದ್ರೆ 20 ಪೌಂಡ್ ಸಾಲ, 40 ಪೌಂಡ್ ದಂಡ, ವಾಯಿದೆ ಒಂದು ದಿನ ತಪ್ಪಿದ್ರೂ ಡಬಲ್. ಡಬಲ್ ಹಾಕೋದು ಅವತ್ತಿನ ಮಾಮೂಲಿ ಪದ್ಧತಿ. ಬಡ್ಡಿ ತಗೊಳ್ಳೋದು ಚರ್ಚ್ ಪ್ರಕಾರ ಪಾಪ, ಆದ್ರೆ ಮಾತು ತಪ್ಪಿದವನಿಗೆ ದಂಡ ಹಾಕೋದು ಪಾಪ ಅಲ್ಲ! ಬಡ್ಡಿ ಬೇಕೇಬೇಕು ಅನ್ನೋರು ಅಸಲಿಗೇ ಸೇರಿಸಿ ಬರೆಸ್ಕೊಳ್ತಿದ್ರು, ಅದು ಪತ್ರದಲ್ಲಿ ಎಲ್ಲೂ ಕಾಣ್ಸಲ್ಲ.

ಷರತ್ತು ದುಡ್ಡಿನದ್ದೇ ಆಗ್ಬೇಕು ಅಂತನೂ ಇಲ್ಲ ನೋಡಿ. ಮಾರಿದ ಜಮೀನಿನ ಮೇಲೆ ಮುಂದೆ ಯಾರೂ ತಕರಾರು ತೆಗೀಬಾರ್ದು, ಒಪ್ಕೊಂಡ ಮನೆ ಇಷ್ಟರೊಳಗೆ ಕಟ್ಟಿ ಮುಗಿಸ್ಬೇಕು, ಮಗಳ ಮದುವೆಗೆ ಒಪ್ಪಿದ ಆಸ್ತಿ ಬರ್ಕೊಡ್ಬೇಕು, ಎಲ್ಲದಕ್ಕೂ ಇದೇ ಬಾಂಡ್. ತುಂಬಾ ಕಾಣೋದು ಪಂಚಾಯ್ತಿ ಬಾಂಡ್: ಇಬ್ರು ಜಗಳ ಆಡಿ ಹಿರಿಯರ ತೀರ್ಪಿಗೆ ಬಿಟ್ಟಾಗ, ತೀರ್ಪು ಮೀರಲ್ಲ ಅಂತ ಇಬ್ರೂ ಒಬ್ಬರಿಗೊಬ್ಬರು ಒಂದೇ ದಿನ ಒಂದೇ ಮೊತ್ತಕ್ಕೆ ಬರ್ಕೊಡ್ತಿದ್ರು. ಅಲ್ಲಿ ಒಂದು ಪೆನ್ನಿ ಸಾಲನೂ ಇರಲ್ಲ. ಹಾಗಾಗಿ ಕ್ಯಾಟಲಾಗ್ ಬಿಟ್ಟು ಮೂಲ ಪತ್ರ ತರಿಸಿ, ಹಿಂದೆ ತಿರುಗಿಸಿ ನೋಡಿ. ಅಲ್ಲೂ ಏನೂ ಇಲ್ಲ ಅಂದ್ರೆ ಷರತ್ತನ್ನ ಬೇರೆ ಪತ್ರದಲ್ಲಿ ಬರ್ದಿರ್ಬಹುದು, ಅದು ಸಾಲಗಾರನ ಮನೇಲಿ ಇರ್ತಿತ್ತು, ಎಷ್ಟೋ ಕಡೆ ಕಳ್ದೇ ಹೋಗಿದೆ. ಇನ್ನೊಂದು, ಪತ್ರಕ್ಕೆ ಚಾಕುವಿನಿಂದ ಅಡ್ಡ ಗೀಟು ಎಳ್ದಿದ್ರೆ ಅಥ್ವಾ ಸೀಲ್ ಕಿತ್ತಿದ್ರೆ ಅದು ಹುಳ ಇಲಿ ಕಾಟ ಅಂದ್ಕೊಳ್ಬೇಡಿ, ಲೆಕ್ಕ ಚುಕ್ತಾ ಆಗಿದ್ದಕ್ಕೆ ಹಾಗೆ ಮಾಡಿರ್ಬಹುದು.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಸಿವಿಲ್ ಪ್ರಾಕ್ಟೀಸ್ ಮಾಡ್ತೀನಿ. ಸಾಲ ತೀರಿಸಿ ಬಾಂಡ್ ವಾಪಸ್ ಇಸ್ಕೊಳ್ಳದೆ ಬಂದ್ರೆ ಇನ್ನೊಂದು ಸಲ ಕೊಡ್ಬೇಕಾಗಿತ್ತು ಅಂತ ಎಲ್ಲೋ ಓದಿದೆ. ಕೊಟ್ಟಿದ್ದಕ್ಕೆ ಸಾಕ್ಷಿ ಇದ್ರೂ ಕೋರ್ಟ್ ಕೇಳ್ತಿರ್ಲಿಲ್ವಾ?

ಉತ್ತರ: ಕೇಳ್ತಿರ್ಲಿಲ್ಲ ವಕೀಲ್ರೇ, ವೆಸ್ಟ್‌ಮಿನ್‌ಸ್ಟರ್‌ನ ಕಾಮನ್ ಪ್ಲೀಸ್ ಕೋರ್ಟಿನಲ್ಲಂತೂ (ಸಾಲ, ಜಮೀನಿನ ಸಿವಿಲ್ ಕೇಸುಗಳು ನಡೀತಿದ್ದ ರಾಜನ ಕೋರ್ಟು) ಇಲ್ಲ. 1542ರ ಸುಮಾರಿನ ವೇಬರ್ಲಿ ಮತ್ತು ಕಾಕರೆಲ್ ಕೇಸ್ ಇದಕ್ಕೆ ಹೆಸರುವಾಸಿ. ದುಡ್ಡು ಕೊಟ್ಟಾಗಿದೆ, ಆದ್ರೆ ಬಾಂಡ್ ಸಾಲ ಕೊಟ್ಟವನ ಹತ್ರಾನೇ ಉಳೀತು, ಸೀಲ್ ಹಾಕಿದ ರಸೀದಿನೂ ತಗೊಂಡಿಲ್ಲ. ಕೋರ್ಟ್ ಹೇಳಿದ್ದು, ಬರೀ ಬಾಯಿಮಾತಿನ ಮೇಲೆ ಸೀಲ್ ಹಾಕಿದ ಪತ್ರನ ಬೀಳಿಸೋಕೆ ಬಿಟ್ರೆ ಕಾನೂನೇ ಬಿದ್ದೋಗತ್ತೆ, ಅದಕ್ಕಿಂತ ಇವನೊಬ್ಬನಿಗೆ ಅನ್ಯಾಯ ಆದ್ರೂ ಪರ್ವಾಗಿಲ್ಲ ಅಂತ. ಓದಿದ್ರೆ ಮೈ ಉರಿಯತ್ತೆ, ಆದ್ರೆ ಅವರ ತರ್ಕ ಪೂರ್ತಿ ಹುಚ್ಚೇನಲ್ಲ. ಪತ್ರ ಇಲ್ಲದ ಬಾಯಿಮಾತಿನ ಸಾಲದ ಗತಿ ಏನಾಗ್ತಿತ್ತು ನೋಡಿ: ಸಾಲಗಾರ 11 ಜನರನ್ನ ಕರ್ಕೊಂಡು ಬಂದು, ನಾನು ಇವನಿಗೆ ಏನೂ ಕೊಡ್ಬೇಕಿಲ್ಲ ಅಂತ ಆಣೆ ಇಟ್ಟು, ಆ 11 ಜನ ಇವನ ಆಣೆ ನಿಜ ಅಂತ ಇನ್ನೊಂದು ಆಣೆ ಇಟ್ರೆ ಕೇಸ್ ಅಲ್ಲಿಗೆ ಮುಗೀತು! ಸೀಲ್ ಹಾಕಿದ ಬಾಂಡ್ ಇದ್ರೆ ಈ ಆಣೆ ಆಟ ನಡೀತಿರ್ಲಿಲ್ಲ. ಸಾಲ ಕೊಡೋರು ಬಾಂಡೇ ಬೇಕು ಅಂತ ಕೂತಿದ್ದು ಅದಕ್ಕೇ.

ಇನ್ನೂ ಗಟ್ಟಿ ಬೇಕು ಅನ್ನೋ ವ್ಯಾಪಾರಿಗಳಿಗೆ 1283 ಮತ್ತು 1285ರ ಕಾನೂನುಗಳಿದ್ವು, ಅದರ ಪ್ರಕಾರ ಮೇಯರ್ ಮುಂದೆ ಸಾಲ ರಿಜಿಸ್ಟರ್ ಮಾಡಿಸ್ಬಹುದಿತ್ತು. 1353ರಲ್ಲಿ ಉಣ್ಣೆ ವ್ಯಾಪಾರದ ಸ್ಟೇಪಲ್ ಪಟ್ಟಣಗಳಿಗೆ, ಅಂದ್ರೆ ಯಾರ್ಕ್, ಲಿಂಕನ್, ಬ್ರಿಸ್ಟಲ್ ಇಂಥ ಕಡೆಗೆ, ಇದೇ ಥರದ್ದು ಇನ್ನೊಂದು ಬಂತು. ಅಲ್ಲಿ ವಾಯಿದೆ ತಪ್ಪಿದ್ರೆ ಕೇಸ್ ನಡೆಸೋ ಗೋಜೇ ಇಲ್ಲ, ನೇರ ಜೈಲು, ಜಮೀನು ಸಾಲ ಕೊಟ್ಟವನ ಕೈಗೆ, ಅವನು ಅದರ ಆದಾಯದಲ್ಲಿ ಸಾಲ ಮುರ್ಕೊಳ್ಳೋದು, ನಮ್ಮಲ್ಲಿ ಭೋಗ್ಯಕ್ಕೆ ಹಾಕಿದ ಹೊಲದ ಥರ.

ದುಡ್ಡು ಕೊಟ್ಟೂ ಸಿಕ್ಕಿಹಾಕ್ಕೊಂಡವನಿಗೆ ಉಳಿದ ದಾರಿ ಚಾನ್ಸಲರ್, ಅಂದ್ರೆ ತನ್ನದೇ ಕೋರ್ಟು ನಡೆಸ್ತಿದ್ದ ರಾಜನ ದೊಡ್ಡ ಮಂತ್ರಿ. ಬಡವ ನಾನು, ದಿಕ್ಕಿಲ್ಲ, ಬಾಂಡ್ ಅವನ ಹತ್ರ ಉಳ್ಕೊಂಡಿದೆ, ದೇವರ ಹೆಸರಲ್ಲಿ ದಯೆ ಇಟ್ಟು ಅವನನ್ನ ಕರೆಸಿ ಕೇಳಿ ಅಂತ ಅರ್ಜಿ. ಚಾನ್ಸಲರ್ ಸಮನ್ಸ್ ಕಳಿಸಿ, ಪ್ರಮಾಣ ಮಾಡಿಸಿ, ಮನಸ್ಸಾಕ್ಷಿ ಮೇಲೆ ತೀರ್ಮಾನ ಮಾಡ್ತಿದ್ರು. 15ನೇ ಶತಮಾನದ ಈ ಅರ್ಜಿಗಳನ್ನ ಓದೋದು ನನಗೆ ಎಲ್ಲಕ್ಕಿಂತ ಇಷ್ಟ, ಜನರ ಗೋಳು ಜನರ ಮಾತಲ್ಲೇ ಇರತ್ತೆ, ಸುಳ್ಳೂ ಧಾರಾಳವಾಗಿರತ್ತೆ. ದಂಡದ ಮೊತ್ತ ಪೂರ್ತಿ ವಸೂಲಿ ಮಾಡೋದಕ್ಕೆ ಕಾಮನ್ ಲಾ (ರೂಢಿ, ಹಳೇ ತೀರ್ಪುಗಳಿಂದ ಬೆಳೆದ ಕಾನೂನು) ಕೋರ್ಟುಗಳಲ್ಲಿ ಕಡಿವಾಣ ಹಾಕಿದ ಕಾನೂನುಗಳು ಬಂದಿದ್ದು ಬಹಳ ತಡವಾಗಿ, 1690ರ ದಶಕದಿಂದ ಈಚೆಗೆ. ನೀವು ದಿನಾ ಬಳಸೋ 1872ರ ಕಾಂಟ್ರಾಕ್ಟ್ ಆಕ್ಟಿನ 74ನೇ ಸೆಕ್ಷನ್ ಇದೆಯಲ್ಲ, ಬಾಂಡ್‌ನಲ್ಲಿ ಎಷ್ಟೇ ದಂಡ ಬರ್ದಿರ್ಲಿ, ಆ ಮಿತಿಯೊಳಗೆ ನ್ಯಾಯವಾದ ಪರಿಹಾರ ಅಷ್ಟೇ ಸಿಗೋದು ಅನ್ನೋದು, ಅದು ಇದೇ ಜಗಳದ ಮೊಮ್ಮಗು.

ಪ್ರಶ್ನೆ: ನಾನು ಮೈಸೂರಲ್ಲಿ ಹಿಸ್ಟರಿ ಎಂಎ ಓದ್ತಿದೀನಿ. 1440ರ ದಶಕದ ಒಂದು ಜಮೀನಿನ ಪತ್ರಗಳಲ್ಲಿ ಒಬ್ಬ ಜಮೀನ್ದಾರ ಪಾದ್ರಿ, ಲಾಯರ್ ಸೇರಿ ಎಂಟು ಜನರಿಗೆ ಜಮೀನು ಕೊಟ್ಟಿದ್ದಾನೆ. ಅದೇ ದಿನದ ಇನ್ನೊಂದು ಪತ್ರ ಇದೆ, ಕೆಲವು ದಿನ ಬಿಟ್ಟು ಮೂರನೇದೂ ಇದೆ. ಮುಂದೆ ವಿಲ್‌ನಲ್ಲಿ ಮಗನಿಗೆ ಕೊಡಿ ಅಂತಾನೆ. ಕೊಟ್ಟಮೇಲೆ ಇನ್ನೇನು ಕೊಡೋದು? ಎಷ್ಟು ಸಲ ಮಾರಿದ?

ಉತ್ತರ: ಒಂದು ಸಲಾನೂ ಮಾರಿಲ್ಲಮ್ಮ.

ಮೊದ್ಲು ಮೂರು ಪತ್ರದ ಲೆಕ್ಕ. ಆಗ ಜಮೀನು ಕೈ ಬದಲಾಗ್ತಿದ್ದಿದ್ದು ಪತ್ರದಿಂದ ಅಲ್ಲ, ಹೊಲಕ್ಕೆ ಹೋಗಿ, ಅಕ್ಕಪಕ್ಕದವರ ಎದುರು ಒಂದು ಹೆಂಟೆ ಮಣ್ಣೋ ಒಂದು ರೆಂಬೆನೋ ಕೈಗೆ ಕೊಟ್ಟು, ಸ್ವಾಧೀನ ಬಿಟ್ಕೊಟ್ಟಾಗ. ಪತ್ರ ಅದಕ್ಕೆ ಪುರಾವೆ ಅಷ್ಟೇ. ಮಾಲೀಕ ತಾನೇ ಹೋಗಕ್ಕಾಗದಿದ್ರೆ ನನ್ನ ಪರವಾಗಿ ಇಂಥವನು ಸ್ವಾಧೀನ ಕೊಡ್ತಾನೆ ಅಂತ ಮುಖ್ತ್ಯಾರ್ ಪತ್ರ ಬರ್ಕೊಡ್ತಿದ್ದ, ನಿಮ್ಮ ಎರಡನೇ ಪತ್ರ ಬಹುಶಃ ಅದೇ. ಮೂರನೇದು ಹಕ್ಕು ಖುಲಾಸೆ ಪತ್ರ ಇರ್ಬೇಕು, ನನಗಾಗ್ಲಿ ನನ್ನ ವಾರಸುದಾರರಿಗಾಗ್ಲಿ ಇನ್ನು ಹಕ್ಕಿಲ್ಲ ಅಂತ. ಮೂರೂ ಸೇರಿ ಒಂದೇ ವ್ಯವಹಾರ.

ಈಗ ಆ ಎಂಟು ಜನ. ಕಾಮನ್ ಲಾ ಪ್ರಕಾರ ಜಮೀನನ್ನ ವಿಲ್ ಮೂಲಕ ಕೊಡೋ ಹಾಗಿರ್ಲಿಲ್ಲ, ಲಂಡನ್ ಥರ ಕೆಲವು ಪಟ್ಟಣಗಳ ಪದ್ಧತಿ ಬಿಟ್ರೆ. ಹಿರಿ ಮಗನಿಗೆ ಹೋಗ್ಬೇಕು, ಕಿರಿಯರಿಗೆ ಹೆಣ್ಮಕ್ಕಳಿಗೆ ಏನೂ ಮಾಡಕ್ಕಾಗಲ್ಲ. ಅದಕ್ಕಿಂತ ದೊಡ್ಡ ಭಯ ಅಂದ್ರೆ, ಸೈನಿಕ ಸೇವೆಗೆ ಪಡೆದ ಜಮೀನಾಗಿದ್ದು ಮಗನಿಗೆ 21 ತುಂಬೋ ಮೊದ್ಲೇ ಅಪ್ಪ ಸತ್ರೆ, ಮೇಲಿನ ಒಡೆಯ ಬಂದು ಜಮೀನೂ ವಶಕ್ಕೆ ತಗೋತಿದ್ದ, ಹುಡುಗನ ಮದುವೆ ಮಾಡೋ ಹಕ್ಕನ್ನೂ ಇಟ್ಕೊಂಡು ಬೇಕಾದವರಿಗೆ ಮಾರ್ತಿದ್ದ. ಇದರಿಂದ ತಪ್ಪಿಸ್ಕೊಳ್ಳೋಕೆ ಬದುಕಿದ್ದಾಗ್ಲೇ ನಂಬಿಕಸ್ತರ ಹೆಸರಿಗೆ ಜಮೀನು ಹಾಕಿಬಿಡೋದು. ಕಾಗದದಲ್ಲಿ ಅವರು ಮಾಲೀಕರು, ಬೆಳೆ ಬಾಡಿಗೆ ಎಲ್ಲಾ ಇವನಿಗೆ. ಎಂಟು ಜನ ಯಾಕೆ ಅಂದ್ರೆ ಅವರು ಜಂಟಿ ಮಾಲೀಕರು, ಒಬ್ಬ ಸತ್ರೆ ಅವನ ಪಾಲು ಉಳಿದವರಿಗೆ ಸೇರತ್ತೆ, ಆಗಾಗ ಹೊಸಬರನ್ನ ಸೇರಿಸ್ತಾ ಹೋದ್ರೆ ಕಾನೂನಿನ ಕಣ್ಣಲ್ಲಿ ಮಾಲೀಕ ಸಾಯೋದೇ ಇಲ್ಲ, ಮಾಲೀಕ ಸಾಯದಿದ್ರೆ ಒಡೆಯನಿಗೆ ಏನೂ ಸಿಗಲ್ಲ. ಈ ಎಂಟು ಜನ ಮೋಸ ಮಾಡಿದ್ರೆ? ಮತ್ತೆ ಚಾನ್ಸಲರ್ ಬಾಗ್ಲು.

ಕಳ್ಳದಾರಿ ಅನ್ಸತ್ತೆ ಅಲ್ವಾ, ಆದ್ರೆ ಐದನೇ ಹೆನ್ರಿನೇ 1415ರಲ್ಲಿ ಫ್ರಾನ್ಸಿಗೆ ಯುದ್ಧಕ್ಕೆ ಹೊರಡೋ ಮೊದ್ಲು ಲಂಕಾಸ್ಟರ್ ಡಚಿಯ (ಅವನ ಮನೆತನದ ಸ್ವಂತ ಆಸ್ತಿ) ಬಹಳಷ್ಟು ಜಮೀನನ್ನ ಇದೇ ಥರ ನಂಬಿಕಸ್ತರ ಹೆಸರಿಗೆ ಮಾಡಿಟ್ಟು ಹೋದ, ತಾನು ಸತ್ರೆ ವಿಲ್‌ನ ಖರ್ಚು ಅದರಿಂದ ನಡೀಲಿ ಅಂತ. ಎಂಟನೇ ಹೆನ್ರಿಗೆ ಮಾತ್ರ ಇದರಿಂದ ಖಜಾನೆಗೆ ಬೀಳ್ತಿದ್ದ ಪೆಟ್ಟು ಸಹಿಸಕ್ಕಾಗ್ಲಿಲ್ಲ, 1536ರಲ್ಲಿ ಕಾನೂನು ತಂದು, ಲಾಭ ಯಾರಿಗೋ ಮಾಲೀಕನೂ ಅವನೇ ಅಂದ. ಅದೇ ವರ್ಷ ಉತ್ತರದಲ್ಲಿ ದಂಗೆ ಎದ್ದವರ ಬೇಡಿಕೆಗಳಲ್ಲಿ ಈ ಕಾನೂನು ತೆಗೀರಿ ಅನ್ನೋದೂ ಒಂದಿತ್ತು. 1540ರಲ್ಲಿ ರಾಜ ಸ್ವಲ್ಪ ಬಗ್ಗಿದ, ಸೈನಿಕ ಸೇವೆಗೆ ಪಡೆದ ಜಮೀನಲ್ಲಿ ಮೂರನೇ ಎರಡು ಭಾಗ, ಉಳಿದ ಥರದ್ದು ಪೂರ್ತಿ ವಿಲ್ ಬರೀಬಹುದು ಅಂತ ಆಯ್ತು.

ನಿಮ್ಮ ಕಟ್ಟಿನಲ್ಲಿ ಕೋರ್ಟಿನ ರಾಜಿ ಪತ್ರ ಏನಾದ್ರೂ ಸಿಕ್ರೆ ಅದನ್ನೂ ನಿಜವಾದ ಜಗಳ ಅಂತ ಬರೀಬೇಡಿ. ಕೊಳ್ಳೋನು ಮಾರೋನ ಮೇಲೆ ಸುಮ್ನೆ ಒಂದು ಕೇಸ್ ಹಾಕೋದು, ಕೋರ್ಟಿನಲ್ಲೇ ರಾಜಿ ಆಗೋದು, ಆ ರಾಜಿನ ಒಂದೇ ತೊಗಲಿನ ಹಾಳೆ ಮೇಲೆ ಮೂರು ಸಲ ಬರ್ದು, ಅಂಕುಡೊಂಕಾಗಿ ಕತ್ತರಿಸಿ, ಇಬ್ರಿಗೆ ಒಂದೊಂದು ಕೊಟ್ಟು ಕೆಳಗಿನ ಮೂರನೇ ತುಂಡನ್ನ ರಾಜನ ಖಜಾನೆಯಲ್ಲಿ ಇಡೋದು. 1195ರಿಂದ ಈ ಮೂರನೇ ತುಂಡುಗಳು ಉಳ್ಕೊಂಡು ಬಂದಿವೆ. ಫೋರ್ಜರಿ ಅನ್ನೋ ಅನುಮಾನ ಬಂದ್ರೆ ಅಂಚಿಗೆ ಅಂಚು ಹೊಂದಿಸಿ ನೋಡಿದ್ರಾಯ್ತು. ಅದರಲ್ಲಿ 100 ಮಾರ್ಕ್ ಅಂತ ಬೆಲೆ ಇದ್ರೆ ಥೀಸಿಸ್‌ನಲ್ಲಿ ಅದನ್ನ ಮಾರುಕಟ್ಟೆ ಬೆಲೆ ಅಂತ ಹಾಕ್ಬೇಡಿ ದಯವಿಟ್ಟು, ಅದು ಗುಮಾಸ್ತರು ಬರೀತಿದ್ದ ವಾಡಿಕೆ ಮೊತ್ತ. ಮಾರ್ಕ್ ಅಂದ್ರೆ ಪೌಂಡಿನ ಮೂರನೇ ಎರಡು ಭಾಗ, 13 ಷಿಲಿಂಗ್ 4 ಪೆನ್ನಿ, ಲೆಕ್ಕಕ್ಕೆ ಮಾತ್ರ ಇತ್ತು, ಆ ಹೆಸರಿನ ನಾಣ್ಯ ಇರ್ಲಿಲ್ಲ.

ಪ್ರಶ್ನೆ: ಲಂಡನ್ನಿನ ಒಬ್ಬ ದರ್ಜಿ 1470ರ ದಶಕದಲ್ಲಿ ತನ್ನ ಎಲ್ಲಾ ಚರಾಸ್ತಿನೂ ಮೂರು ಜನಕ್ಕೆ ದಾನ ಕೊಟ್ಟಿದ್ದಾನೆ. ಸನ್ಯಾಸ ತಗೊಂಡ್ನಾ? (ಉಡುಪಿಯಿಂದ)

ಉತ್ತರ: ಮಾರನೇ ದಿನ ಅದೇ ಅಂಗಡೀಲಿ ಅದೇ ಕತ್ತರಿ ಹಿಡ್ಕೊಂಡು ಕೂತಿರ್ತಾನೆ. ಇಂಥ ದಾನಪತ್ರಗಳು ಲಂಡನ್ ದಾಖಲೆಗಳಲ್ಲಿ ರಾಶಿ ರಾಶಿ ಇವೆ. ಕೆಲವು ಸಾಲಕ್ಕೆ ಕೊಟ್ಟ ಆಧಾರ, ಕೆಲವು ಸಾಲ ಕೊಟ್ಟವರ ಕಣ್ಣಿಗೆ ಮಣ್ಣೆರಚೋಕೆ: ಜಪ್ತಿಗೆ ಬಂದ್ರೆ ನನ್ನದೇನಿಲ್ಲಪ್ಪ ಎಲ್ಲಾ ಅವರದ್ದು ಅನ್ನೋದು. ಹೀಗೆ ಸ್ನೇಹಿತರಿಗೆ ಆಸ್ತಿ ಬರ್ಕೊಟ್ಟು, ವೆಸ್ಟ್‌ಮಿನ್‌ಸ್ಟರ್ ಅಬ್ಬಿಗೋ ಸೇಂಟ್ ಮಾರ್ಟಿನ್ ಲಿ ಗ್ರ್ಯಾಂಡ್ ಚರ್ಚಿಗೋ ಓಡಿ, ಅಲ್ಲಿ ಯಾರೂ ಹಿಡಿಯೋ ಹಾಗಿಲ್ಲ ಅಂತ ಜಬರ್ದಸ್ತಾಗಿ ಬದುಕ್ತಾರೆ ಅಂತ 1370ರ ದಶಕದ ಕಾನೂನೇ ದೂರತ್ತೆ. 1487ರಲ್ಲಿ ಇನ್ನೊಂದು ಕಾನೂನು ಬಂದು ಸಾಲ ಕೊಟ್ಟವರಿಗೆ ಮೋಸ ಮಾಡೋಕೆ ಬರೆದ ಇಂಥ ದಾನಪತ್ರ ಅಸಿಂಧು ಅಂತ ಹೇಳ್ತು. ನಿಮ್ಮ ದರ್ಜಿ ಯಾವ ಗುಂಪು ಅಂತ ತಿಳೀಬೇಕಾದ್ರೆ ಅದೇ ವರ್ಷ ಅವನ ಮೇಲೆ ಸಾಲದ ಕೇಸ್ ಬಿದ್ದಿದೆಯಾ ಅಂತ ಹುಡ್ಕಿ.

ಪ್ರಶ್ನೆ: ಏಳನೇ ಹೆನ್ರಿ ಬಾಂಡ್ ಬರೆಸ್ಕೊಂಡೇ ರಾಜ್ಯ ಆಳಿದ ಅಂತಾರಲ್ಲ, ಅದೂ ಇದೇ ಬಾಂಡಾ?

ಉತ್ತರ: ಅದೇ ತಂತ್ರ, ಸಾಲ ಮಾತ್ರ ಇಲ್ಲ. ನಿಷ್ಠೆಯಿಂದ ಇರ್ತೀನಿ, ಕೋಟೆ ಸರಿಯಾಗಿ ಕಾಯ್ತೀನಿ, ಇಲ್ಲಾಂದ್ರೆ ಇಷ್ಟು ಸಾವಿರ ಕೊಡ್ತೀನಿ ಅಂತ ಪ್ರಭುಗಳ ಹತ್ರ ಬರೆಸ್ಕೊಳ್ಳೋದು. ಅವನ ಕಾಲದಲ್ಲಿದ್ದ 62 ಪ್ರಭು ಮನೆತನಗಳಲ್ಲಿ ಸುಮಾರು ಮುಕ್ಕಾಲು ಭಾಗ ಒಂದಲ್ಲ ಒಂದು ಸಮಯದಲ್ಲಿ ಬಾಂಡ್‌ನಿಂದಲೋ ಬೇರೆ ಶಿಕ್ಷೆಯಿಂದಲೋ ಅವನ ಹಿಡಿತದಲ್ಲಿದ್ವು. 1507ರಲ್ಲಿ ಬರ್ಗವೆನ್ನಿ ಪ್ರಭುಗೆ, ಕೆಂಟ್‌ನಲ್ಲಿ ಕಾನೂನು ಮೀರಿ 471 ಜನರ ಪಡೆ ಇಟ್ಕೊಂಡಿದ್ದಕ್ಕೆ ಬಿದ್ದ ದಂಡ 70,000 ಪೌಂಡ್‌ಗೂ ಮೇಲೆ. ಅಷ್ಟು ದುಡ್ಡು ಬರಲ್ಲ ಅಂತ ರಾಜನಿಗೂ ಗೊತ್ತು, 5,000 ಪೌಂಡ್ ಕಂತಲ್ಲಿ ಕಟ್ಟು, ಕೆಂಟ್ ಕಡೆ ಅನುಮತಿ ಇಲ್ಲದೆ ಕಾಲಿಡ್ಬೇಡ ಅಂತ ತೀರ್ಮಾನ ಆಯ್ತು. ದುಡ್ಡು ಬಂದ್ರೆ ಬರ್ಲಿ, ಅವನ ಜುಟ್ಟು ಕೈಲಿರ್ಲಿ ಅನ್ನೋದೇ ಇದರ ಉದ್ದೇಶ ಅಂತ ನನ್ನ ಅಭಿಪ್ರಾಯ. ಈ ಕೆಲಸ ನೋಡ್ಕೊಳ್ತಿದ್ದ ರಿಚರ್ಡ್ ಎಂಪ್ಸನ್, ಎಡ್ಮಂಡ್ ಡಡ್ಲಿ ಇಬ್ರನ್ನೂ 1509ರಲ್ಲಿ ರಾಜ ಸತ್ತ ಕೂಡ್ಲೇ ಹಿಡಿದ್ರು, 1510ರ ಆಗಸ್ಟ್ 17ಕ್ಕೆ ತಲೆ ತೆಗೆದ್ರು. ಡಡ್ಲಿ ಟವರ್ ಜೈಲಲ್ಲಿ ಕೂತು, ರಾಜ ಅನ್ಯಾಯವಾಗಿ ಯಾರ್ಯಾರ ಹತ್ರ ದುಡ್ಡು, ಬಾಂಡ್ ಕಿತ್ಕೊಂಡ ಅಂತ 80ಕ್ಕೂ ಹೆಚ್ಚು ಪ್ರಕರಣಗಳ ಪಟ್ಟಿ ಬರ್ದಿಟ್ಟ. ಮಗ ಎಂಟನೇ ಹೆನ್ರಿ ಪಟ್ಟಕ್ಕೆ ಬಂದ ಹೊಸದರಲ್ಲೇ ಇಂಥ ಎಷ್ಟೋ ಬಾಂಡ್ ರದ್ದು ಮಾಡ್ದ.

ಪ್ರಶ್ನೆ: ಇವನ್ನೆಲ್ಲ ಬೆಂಗಳೂರಲ್ಲಿ ಕೂತು ನೋಡ್ಬಹುದಾ?

ಉತ್ತರ: ಧಾರಾಳವಾಗಿ. ಕಾಮನ್ ಪ್ಲೀಸ್ ಕೋರ್ಟಿನ ಕಡತಗಳ ಫೋಟೋಗಳನ್ನ ಅಮೆರಿಕದ ಹ್ಯೂಸ್ಟನ್ ಯೂನಿವರ್ಸಿಟಿಯ ಆಂಗ್ಲೋ ಅಮೆರಿಕನ್ ಲೀಗಲ್ ಟ್ರೆಡಿಶನ್ ಸೈಟ್‌ನಲ್ಲಿ ಪುಕ್ಕಟೆ ಹಾಕಿದ್ದಾರೆ. ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನ ಕ್ಯಾಟಲಾಗ್‌ನಲ್ಲಿ ಚಾನ್ಸಲರ್‌ಗೆ ಹೋದ ಅರ್ಜಿಗಳು ಸಿ 1, ಮೇಯರ್ ಮುಂದೆ ರಿಜಿಸ್ಟರ್ ಆದ ಸಾಲಗಳು ಸಿ 241, ರಾಜಿ ಪತ್ರಗಳು ಸಿಪಿ 25/1 ಅನ್ನೋ ನಂಬರಲ್ಲಿ ಸಿಗ್ತವೆ. ಲ್ಯಾಟಿನ್ ಬರಲ್ಲ ಅಂತ ಹೆದರ್ಬೇಡಿ, ಸಾಲದ ಕೇಸುಗಳೆಲ್ಲಾ ಹೆಚ್ಚುಕಮ್ಮಿ ಒಂದೇ ಅಚ್ಚು, ಹೆಸರು, ಊರು, ಮೊತ್ತ ಬದಲಾಗ್ತಾ ಹೋಗತ್ತೆ. 1413ರ ಕಾನೂನು ಬಂದ್ಮೇಲಂತೂ ಕೇಸ್ ಹಾಕೋವಾಗ ಪ್ರತಿವಾದಿಯ ಕಸುಬು, ಊರು ಬರೀಲೇಬೇಕಾಗಿ ಬಂತು, ಅದಕ್ಕೇ ಹೆಸರಿನ ಮುಂದೆ ಕಟುಕ, ನೇಕಾರ, ಪಾದ್ರಿ ಅಂತೆಲ್ಲಾ ಸಿಗತ್ತೆ, ಹುಡುಕೋರಿಗೆ ಅದು ದೊಡ್ಡ ಸಹಾಯ.